ಐದು ಹುಣಸೆ ಬೀಜದ ಜಗಳ

ಕಳೆದ ಆಷಾಢದಲ್ಲಿ ಚಿಕ್ಕಪ್ಪನ ಜೊತೆ ಆಡಿದ ಒಂದು ಇಸ್ಪೀಟು ಆಟ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಸೋತಿದ್ದಕ್ಕೆ ಬೇಜಾರಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಕಳೆದುಕೊಂಡಿದ್ದಾದರೂ ಏನು? 140 ಹುಣಸೆ ಬೀಜ. ಮಾರನೇ ದಿನ ಬೆಳಿಗ್ಗೆ ಅಕ್ಕ ಅವನ್ನೆಲ್ಲ ಗುಡಿಸಿ, ಹಳೇ ಬಾಟಲಿಗೆ ತುಂಬಿಸಿ, ಅಟ್ಟಕ್ಕೆ ಏರಿಸಿದಳು. ಕತೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ವಾಪಸ್ ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಅದನ್ನೇ ಲೆಕ್ಕ ಹಾಕುತ್ತಿದ್ದೆ. ಮಂಡಗದ್ದೆ ದಾಟುವಾಗ ಸ್ವಲ್ಪ ಅನುಮಾನ ಇತ್ತು. ಗಾಜನೂರು ಬರುವ ಹೊತ್ತಿಗೆ ನಾನೇ ಸರಿ, ಚಿಕ್ಕಪ್ಪನೇ ತಪ್ಪು ಎಂದು ತೀರ್ಮಾನವಾಗಿತ್ತು. ವಿನೋಬನಗರದ ಮನೆಗೆ ಬಂದವನು ಒದ್ದೆ ಬಟ್ಟೆಯ ಚೀಲ ಬಿಚ್ಚಲಿಲ್ಲ. ಮೊದಲು ಲ್ಯಾಪ್‌ಟಾಪ್ ಬಿಚ್ಚಿದೆ.

ನನ್ನ ಹೊಟ್ಟೆಪಾಡು ಎಕ್ಸೆಲ್ ಶೀಟಿನಿಂದಲೇ ನಡೆಯುತ್ತದೆ. ಹಗಲಿಡೀ ಬೇರೆಯವರ ಜಿಎಸ್‌ಟಿ, ಬೇರೆಯವರ ಲಾಭ ನಷ್ಟ. ಹಾಗಾಗಿ ಮನಸ್ಸಿಗೆ ಏನಾದರೂ ಕಿರಿಕಿರಿಯಾದರೆ ನಾನು ಹೋಗುವುದು ಒಂದು ಖಾಲಿ ಶೀಟಿನ ಹತ್ತಿರ. ಕೆಲವರು ದೇವಸ್ಥಾನಕ್ಕೆ ಹೋಗುತ್ತಾರೆ, ಕೆಲವರು ತೋಟಕ್ಕೆ ಇಳಿಯುತ್ತಾರೆ. ನಾನು ಮೊದಲ ಸಾಲಿನಲ್ಲಿ ಹೆಡ್ಡಿಂಗ್ ಬರೆದು, ಅದನ್ನು ಬೋಲ್ಡ್ ಮಾಡಿ, ಒಂದು ನಿಟ್ಟುಸಿರು ಬಿಡುತ್ತೇನೆ.

ಜಗಲಿಗೆ ಬಂದ ಪೋಕರ್

ನಮ್ಮ ಮನೆಯಲ್ಲಿ ಇಸ್ಪೀಟು ಹೊಸದಲ್ಲ. ಮದುವೆ ಮನೆಯ ರಾತ್ರಿ, ಚೌತಿಯ ಮಧ್ಯಾಹ್ನ, ಮಳೆ ಹಿಡಿದು ಕೂತ ದಿನ, ಜಗಲಿಯಲ್ಲಿ ಒಂದು ಕಂಬಳಿ ಹಾಸಿದರೆ ಸಾಕು. ಚಿಕ್ಕಪ್ಪ ಇಪ್ಪತ್ತೆಂಟರ ಆಟದಲ್ಲಿ ಪಳಗಿದ ಕೈ. ಮೂರೆಲೆಯೂ ಗೊತ್ತು, ಆದರೆ ಅದನ್ನು ದುಡ್ಡಿಗೆ ಆಡಿ ತೋಟ ಕಳೆದುಕೊಂಡವರ ಕತೆಗಳೂ ಅವನಿಗೆ ಗೊತ್ತು. ಅದಕ್ಕೇ ನಮ್ಮಲ್ಲಿ ಬೀಜದ ಲೆಕ್ಕ. ಒಂದು ಗೋಟಡಿಕೆಗೆ ಹತ್ತು ಹುಣಸೆ ಬೀಜ. ಅದು ಚಿಕ್ಕಪ್ಪನೇ ಮಾಡಿದ ಕಾನೂನು. ಅಡಿಕೆ ರೇಟು ಎಷ್ಟು ಏರಿದರೂ ಇಳಿದರೂ ನಮ್ಮ ಕಂಬಳಿಯ ಮೇಲೆ ಅದೇ ಹತ್ತು.

ಪೋಕರ್ ತಂದವನು ನಾನು. ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ಕಲಿತ ವಿದ್ಯೆಗಳಲ್ಲಿ ಇವತ್ತಿಗೂ ನೆನಪಿರುವುದು ಅದೊಂದೇ. ಪ್ರತಿಯೊಬ್ಬರಿಗೂ ಎರಡು ಮುಚ್ಚಿದ ಎಲೆ, ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ತೆರೆದ ಎಲೆ. ಐದು ಒಟ್ಟಿಗೆ ಬರುವುದಿಲ್ಲ. ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು. ಪ್ರತಿ ಸಲವೂ ಬೀಜ ಹಾಕಬಹುದು, ಇಲ್ಲವೇ ಪ್ಯಾಕ್ ಆಗಬಹುದು, ಅಂದರೆ ಎಲೆ ಎಸೆದು ಆ ಆಟ ಬಿಡಬಹುದು. ಕೊನೆಗೆ ಕೈಯ ಎರಡು, ಮಧ್ಯದ ಐದು ಸೇರಿ ಯಾರ ಐದು ಎಲೆ ದೊಡ್ಡದೋ ಅವನು ಗೆದ್ದ. ಚಿಕ್ಕಪ್ಪನಿಗೆ ಇದು ಹತ್ತು ನಿಮಿಷದಲ್ಲಿ ಹತ್ತಿತು. ಒಂದೇ ತೊಂದರೆ ಎಂದರೆ ಇಪ್ಪತ್ತೆಂಟರಲ್ಲಿ ಗುಲಾಮನೇ ಎಲ್ಲರಿಗಿಂತ ದೊಡ್ಡವನು. ರಾಜ, ರಾಣಿಗೆ ಅಲ್ಲಿ ಮರ್ಯಾದೆಯೇ ಇಲ್ಲ. ಹಾಗಾಗಿ ಕೈಗೆ ಗುಲಾಮ ಬಂದ ಕೂಡಲೇ ಚಿಕ್ಕಪ್ಪನ ಬೆನ್ನು ನೆಟ್ಟಗಾಗುತ್ತಿತ್ತು. ನಲವತ್ತು ವರ್ಷದ ಅಭ್ಯಾಸ ಹತ್ತು ನಿಮಿಷದಲ್ಲಿ ಹೋಗುತ್ತದಾ?

ಆ ದಿನ ಬೆಳಿಗ್ಗೆಯಿಂದ ಕರೆಂಟಿರಲಿಲ್ಲ. ಮಾಡಿನ ಹಂಚಿನಿಂದ ನೀರು ಬೀಳುವ ಸದ್ದಿಗೆ ಎದುರು ಕೂತವರ ಮಾತೂ ಕೇಳುತ್ತಿರಲಿಲ್ಲ. ಚಿಕ್ಕಪ್ಪ, ಭಾವ, ನಾನು, ಮೂವರೇ. ಅಕ್ಕ ಹಲಸಿನ ಹಪ್ಪಳ ಸುಟ್ಟು ತಂದಿಟ್ಟು, ಒಂದು ಗಳಿಗೆ ನಿಂತು ನೋಡಿ, "ಮೂರು ಜನ ಗಂಡಸರು ಬೀಜ ಎಣಿಸುತ್ತಾ ಕೂತಿದ್ದಾರೆ" ಎಂದು ಹೇಳಿ ಹೋದಳು.

ನನಗೆ ಬಂದಿದ್ದು ಎರಡು ರಾಜ. ಕಳಾವರದ ರಾಜ, ಡೈಮಂಡಿನ ರಾಜ. ಮೊದಲ ಸುತ್ತಿನಲ್ಲೇ ಮೂವರೂ 20, 20 ಹಾಕಿದೆವು. ಮಧ್ಯದಲ್ಲಿ 60. ಮೂರು ಎಲೆ ತೆರೆದವು: ಆಟೀನು ಒಂಬತ್ತು, ಆಟೀನು ನಾಲ್ಕು, ಇಸ್ಪೀಟು ಎರಡು. ನನ್ನ ಜೋಡಿಗಿಂತ ದೊಡ್ಡದು ಅಲ್ಲಿ ಏನೂ ಇಲ್ಲ. ನಾನು ನನ್ನ ಹತ್ತಿರ ಉಳಿದಿದ್ದ 120 ಬೀಜವನ್ನೂ ಎರಡೂ ಕೈಯಲ್ಲಿ ಮುಂದೆ ತಳ್ಳಿದೆ. ಭಾವ ಎಲೆ ಎಸೆದು ಹಪ್ಪಳಕ್ಕೆ ಕೈ ಹಾಕಿದ. ಚಿಕ್ಕಪ್ಪ ನನ್ನ ಮುಖ ನೋಡಿದ. ಅಂಗಳ ನೋಡಿದ. ಮತ್ತೆ ನನ್ನ ಮುಖ ನೋಡಿದ. ಕವಳದ ಬಾಯಲ್ಲಿ "ಹೂಂ" ಎಂದು ಹೇಳಿ 12 ಗೋಟಡಿಕೆ ಎಣಿಸಿ ಇಟ್ಟ.

ಅವನ ಕೈಯಲ್ಲಿದ್ದಿದ್ದು ಆಟೀನು ಗುಲಾಮ, ಆಟೀನು ಎಂಟು. ಮಧ್ಯದಲ್ಲಿ ಎರಡು ಆಟೀನು, ಕೈಯಲ್ಲಿ ಎರಡು. ಇನ್ನೊಂದು ಬಂದರೆ ಕಲರ್, ಐದೂ ಒಂದೇ ಜಾತಿಯ ಎಲೆ. ಬರದಿದ್ದರೆ ಏನೂ ಇಲ್ಲ, ಒಂದು ಜೋಡಿಯೂ ಇಲ್ಲ. ನಾಲ್ಕನೇ ಎಲೆ ಡೈಮಂಡ್ ಆರು. ನಾನು ಉಸಿರು ಬಿಟ್ಟೆ. ಐದನೆಯದು ಆಟೀನು ಮೂರು.

"ಎಂತದಾ ಚಿಕ್ಕಪ್ಪ ಇದು! ಕೈಯಲ್ಲಿ ಏನೂ ಇಲ್ಲದೆ ಅಷ್ಟು ಹಾಕುವುದಾ?" ಎಂದೆ.

"ಬಂತಲ್ಲ ಮಾರಾಯ" ಎಂದ ಚಿಕ್ಕಪ್ಪ, ಬೀಜ ಬಳಿದುಕೊಳ್ಳುತ್ತಾ.

ನನ್ನನ್ನು ಇಲ್ಲಿಯವರೆಗೆ ಕಾಡಿದ್ದು ಆ "ಬಂತಲ್ಲ".

990 ಸಾಲು

ಮೊದಲು ಮಾಡಿದ್ದು ಸೋಮಾರಿ ದಾರಿ. ರ‍್ಯಾಂಡ್ ಫಂಕ್ಷನ್ ಹಾಕಿ, ಉಳಿದ ಎಲೆಗಳನ್ನು ಕಲೆಸಿ, ಎರಡು ಎಲೆ ಹಂಚುವ ಹಾಗೆ ಮಾಡಿ, ಅದನ್ನು 1,000 ಸಾಲಿಗೆ ಎಳೆದೆ. ಎಫ್9 ಒತ್ತಿದರೆ ಸಾವಿರ ಆಟ ಒಂದೇ ಸಲಕ್ಕೆ ಮತ್ತೆ ಹಂಚಿಕೆಯಾಗುತ್ತದೆ. ಒಮ್ಮೆ ಒತ್ತಿದರೆ ನಾನು ನೂರಕ್ಕೆ 63 ಸಲ ಗೆದ್ದೆ. ಇನ್ನೊಮ್ಮೆ ಒತ್ತಿದರೆ 60. ಸಾವಿರ ಸಲ ಆಡಿದರೂ ನೂರಕ್ಕೆ ಎರಡು ಮೂರು ಅಂಶ ಆಚೆ ಈಚೆ ಓಲಾಡುವುದು ಮಾಮೂಲು. ಒಪ್ಪಿದೆ. ಆದರೆ ಎಫ್9 ಒತ್ತಿ ಒತ್ತಿ ನನಗೆ ಬೇಕಾದ ಅಂಕಿ ಬಂದಾಗ ನಿಲ್ಲಿಸುವ ಚಪಲ ಶುರುವಾಯಿತು. ಅದೂ ಒಂಥರಾ ಜೂಜೇ. ಬಿಟ್ಟೆ.

ಎರಡನೇ ದಾರಿಯಲ್ಲಿ ಅದೃಷ್ಟಕ್ಕೆ ಕೆಲಸವೇ ಇಲ್ಲ. ಪ್ಯಾಕಿನಲ್ಲಿ 52 ಎಲೆ. ನನ್ನ ಎರಡು, ಚಿಕ್ಕಪ್ಪನ ಎರಡು, ಮಧ್ಯದ ಮೂರು ಗೊತ್ತಿದೆ. ಉಳಿದಿದ್ದು 45. (ಭಾವ ಎಸೆದ ಎರಡು ಎಲೆಯೂ ಇದರೊಳಗೇ ಬಂತು. ಅವು ಯಾವುವು ಎಂದು ಗೊತ್ತಿಲ್ಲದಿದ್ದ ಮೇಲೆ ಲೆಕ್ಕದ ಮಟ್ಟಿಗೆ ಅವು ಪ್ಯಾಕಿನಲ್ಲಿದ್ದರೂ ಒಂದೇ, ನೆಲದ ಮೇಲಿದ್ದರೂ ಒಂದೇ.) 45ರಿಂದ ಎರಡು ಎಲೆ ಬರುವ ಬಗೆ 990. ಕಾಂಬಿನ್ ಫಂಕ್ಷನ್‌ಗೆ 45, 2 ಎಂದು ಕೊಟ್ಟರೆ ಅದೇ ಹೇಳುತ್ತದೆ. ಸಾವಿರಕ್ಕಿಂತ ಕಮ್ಮಿ! ಇಡೀ ಭವಿಷ್ಯವನ್ನೇ ಸಾಲು ಸಾಲಾಗಿ ಬರೆದಿಡಬಹುದು. ಬರೆದೆ.

ಸೂತ್ರದ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲದ್ದರಿಂದ ಕೈಯಲ್ಲೂ ಎಣಿಸಿದೆ. ಆ 45ರಲ್ಲಿ ಆಟೀನು ಎಲೆಗಳು ಒಂಬತ್ತು, ಬೇರೆಯವು 36. ಎರಡೂ ಎಲೆ ಆಟೀನು ಅಲ್ಲದೇ ಬರುವ ಬಗೆ 630. ಹಾಗಾದರೆ ಕನಿಷ್ಠ ಒಂದಾದರೂ ಆಟೀನು ಬರುವ ಬಗೆ 360. ಅಷ್ಟರಲ್ಲೂ ಚಿಕ್ಕಪ್ಪನಿಗೆ ಕಲರ್. ಆದರೆ ಕಲರ್ ಬಂದ ಕೂಡಲೇ ಗೆದ್ದ ಹಾಗಲ್ಲ. ಆಟೀನು ರಾಜನೇ ಬಂದು, ಜೊತೆಗೆ ಇನ್ನೊಂದು ಒಂಬತ್ತೋ ನಾಲ್ಕೋ ಎರಡೋ ಬಂದರೆ ನನಗೆ ಫುಲ್ ಹೌಸ್, ಮೂರು ರಾಜ ಜೊತೆಗೊಂದು ಜೋಡಿ, ಅದು ಕಲರಿಗಿಂತ ದೊಡ್ಡದು. ಅಂಥವೂ, ಕಲರನ್ನು ಮೀರಿಸುವ ಇನ್ನಿತರವೂ ಸೇರಿ 13 ಸಿಕ್ಕವು. ಉಳಿಯಿತು 347. ಇನ್ನು ಆಟೀನು ಬರದೆಯೂ ಚಿಕ್ಕಪ್ಪ ಗೆಲ್ಲುವ ದಾರಿಗಳಿವೆ, ಇದನ್ನು ನಾನು ಬಸ್ಸಿನಲ್ಲಿ ಮರೆತಿದ್ದೆ. ಹತ್ತು, ಏಳು ಒಟ್ಟಿಗೆ ಬಂದರೆ ಸೀಕ್ವೆನ್ಸ್, ಐದು ಎಲೆ ಸಾಲಾಗಿ. ರಾಣಿ, ಹತ್ತು ಬಂದರೂ ಸೀಕ್ವೆನ್ಸ್. ಎರಡು ಗುಲಾಮ, ಎರಡು ಎಂಟು, ಒಂದು ಗುಲಾಮ ಒಂದು ಎಂಟು. ಎಲ್ಲ ಸೇರಿ 33. ಒಟ್ಟು 380.

ನನ್ನದು 610, ಚಿಕ್ಕಪ್ಪನದು 380. ಶೀಟಿನ ಉತ್ತರವೂ ಅದೇ. ರಾತ್ರಿ ಹನ್ನೊಂದೂವರೆಗೆ ಎರಡೂ ತಾಳೆಯಾದಾಗ ಆದ ಖುಷಿಯನ್ನು ಯಾರಿಗೆ ಹೇಳುವುದು? ಹೆಂಡತಿ ಮಲಗಿದ್ದಳು.

ಈಗ ತೀರ್ಪು. ಚಿಕ್ಕಪ್ಪ ಹಾಕಬೇಕಿದ್ದಿದ್ದು 120. ಹಾಕಿದರೆ ಮಧ್ಯದ ರಾಶಿ 300. ಅಂದರೆ ನೂರಕ್ಕೆ 40 ಸಲ ಗೆದ್ದರೆ ಹಾಕಿದ್ದು ಹಾಕಿದ ಹಾಗೇ ವಾಪಸ್ ಬರುತ್ತದೆ. ಅವನು ಗೆಲ್ಲುವುದು ನೂರಕ್ಕೆ 38.4 ಸಲ. 300ರಲ್ಲಿ ಅವನ ಪಾಲು 115 ಚಿಲ್ಲರೆ. ಕೊಟ್ಟಿದ್ದು 120. ಅವನು ಮಾಡಿದ್ದು ತಪ್ಪು, ನಾನು ಹೇಳಿದ್ದು ಸರಿ.

ಆದರೆ ಎಷ್ಟು ತಪ್ಪು? ಐದು ಬೀಜಕ್ಕೂ ಕಮ್ಮಿ. ಒಂದು ಅಡಿಕೆಯ ಅರ್ಧ. ಮಂಡಗದ್ದೆಯಿಂದ ಗಾಜನೂರಿನವರೆಗೆ ನಾನು ಹಲ್ಲು ಕಚ್ಚಿಕೊಂಡು ಬಂದಿದ್ದು ಅದಕ್ಕೆ.

ಸುಮ್ನೆ ಒಂದು ಅಡ್ಡಮಾತು, ಮೂರೆಲೆಯ ಬಗ್ಗೆ

ಇಂಥ ಹುಚ್ಚು ಇದೇ ಮೊದಲಲ್ಲ. ಹಿಂದೊಮ್ಮೆ ಮೂರೆಲೆಯ ಎಲ್ಲ ಕೈಗಳನ್ನೂ ಶೀಟಿಗೆ ಇಳಿಸಿದ್ದೆ. 52ರಿಂದ ಮೂರು ಎಲೆ ಬರುವ ಬಗೆ 22,100. ಅದರಲ್ಲಿ 16,440 ಕೈಗಳಲ್ಲಿ ಜೋಡಿಯೂ ಇಲ್ಲ, ಕಲರೂ ಇಲ್ಲ, ಸೀಕ್ವೆನ್ಸೂ ಇಲ್ಲ. ಅಂದರೆ ಹೆಚ್ಚುಕಮ್ಮಿ ನಾಲ್ಕರಲ್ಲಿ ಮೂರು ಸಲ ಯಾರ ಕೈಯಲ್ಲೇ ಆದರೂ ಇರುವುದು ಬರೀ ಕಸ. ಮೂರೆಲೆ ಆಡುವವರು ಅಷ್ಟೊಂದು ಮುಖ ಗಂಟಿಕ್ಕಿಕೊಂಡು ಕೂರುವುದು ಆ ಕಸವನ್ನು ಮುಚ್ಚಿಡುವುದಕ್ಕೆ. ನನಗೆ ತಮಾಷೆ ಎನಿಸಿದ್ದು ಇನ್ನೊಂದು. ಮೂರೂ ಒಂದೇ ಅಂಕಿ ಬರುವ ಟ್ರೇಲ್ ಎಲ್ಲದಕ್ಕಿಂತ ದೊಡ್ಡ ಕೈ. ಅದು ಬರುವ ಬಗೆ 52. ಅದರ ಕೆಳಗಿನದು ಒಂದೇ ಬಣ್ಣದ ಸೀಕ್ವೆನ್ಸ್. ಅದು ಬರುವ ಬಗೆ 48. ಅಪರೂಪದ್ದೇ ದೊಡ್ಡದು ಅನ್ನುವುದಾದರೆ ಸ್ಥಾನ ಅದಲು ಬದಲಾಗಬೇಕಿತ್ತು. ಇಷ್ಟು ಜನ ಇಷ್ಟು ವರ್ಷ ತಪ್ಪು ಕ್ರಮದಲ್ಲಿ ಆಡುತ್ತಿದ್ದಾರೆ ಎಂದು ನಾನು ಫೋನ್ ಮಾಡಿ ಚಿಕ್ಕಪ್ಪನಿಗೆ ಹೇಳಿದರೆ, "ಆಟ ಮೊದಲು ಬಂತು, ನಿನ್ನ ಲೆಕ್ಕ ಆಮೇಲೆ ಬಂತು. ಈಗ ತೋಟದಲ್ಲಿದ್ದೇನೆ, ಇಡು" ಎಂದಿದ್ದ.

ಅದು ಪೂರ್ತಿ ನಿಜವೂ ಹೌದು. ಈ ಸಂಭವದ ಗಣಿತ ಹುಟ್ಟಿದ್ದೇ ಜೂಜಿನ ಕಟ್ಟೆಯ ಪಕ್ಕದಲ್ಲಿ. 1654ರಲ್ಲಿ ಫ್ರಾನ್ಸಿನ ಪಾಸ್ಕಲ್ ಮತ್ತು ಫೆರ್ಮಾ ಒಬ್ಬರಿಗೊಬ್ಬರು ಕಾಗದ ಬರೆದುಕೊಂಡಿದ್ದು, ಅರ್ಧಕ್ಕೇ ನಿಂತ ಆಟದಲ್ಲಿ ಕಟ್ಟಿದ ಹಣವನ್ನು ಹೇಗೆ ಹಂಚಬೇಕು ಎನ್ನುವ ಬಗ್ಗೆ. ಮುಂದೆ ಆಟ ನಡೆದಿದ್ದರೆ ಯಾರು ಎಷ್ಟು ಬಗೆಯಲ್ಲಿ ಗೆಲ್ಲುತ್ತಿದ್ದರು ಎಂದು ಎಣಿಸಿ, ಆ ಪ್ರಕಾರ ಹಂಚಿ ಎಂದರು. ನನ್ನ 990 ಸಾಲೂ ಅದೇ ಕೆಲಸವೇ. ನಮ್ಮ ಮನೆಯಲ್ಲಿ ಮಾತ್ರ ಬೆಳಿಗ್ಗೆ ಆರರ ಬಸ್ಸು ಬಂದು ಆಟ ನಿಂತರೆ ಚಿಕ್ಕಪ್ಪ ಬೀಜವನ್ನೆಲ್ಲ ಬಾಚಿ ಬಾಟಲಿಗೆ ಹಾಕುತ್ತಾನೆ. ಯಾರಿಗೂ ಇಲ್ಲ.

ಹಳದಿ ಸೆಲ್‌ಗಳು

ಶೀಟು ಬೆಳೆಯಿತು. ಒಂದು ಆಟಕ್ಕೆ ಎಂದು ಶುರು ಮಾಡಿದ್ದು, ಕಳೆದ ಎರಡು ವರ್ಷದಲ್ಲಿ ನೆನಪಿದ್ದ ಆಟಗಳನ್ನೆಲ್ಲ ಬರೆಯುತ್ತಾ ಹೋದೆ. ಯಾರು ಎಷ್ಟು ಹಾಕಿದರು, ಯಾರ ಕೈಯಲ್ಲಿ ಏನಿತ್ತು, ಕೊನೆಗೆ ಏನಾಯಿತು. ಪಕ್ಕದಲ್ಲಿ ಟಿಪ್ಪಣಿ ಎಂದೊಂದು ಕಾಲಂ. ವಾರ ಕಳೆದು ಆ ಕಾಲಂ ಓದಿದರೆ ನಾಚಿಕೆಯಾಯಿತು. ಭಾವ ಗೆದ್ದ ಕಡೆ "ಅದೃಷ್ಟ". ಚಿಕ್ಕಪ್ಪ ಗೆದ್ದ ಕಡೆ "ಅದೃಷ್ಟ", "ವಿಪರೀತ ಅದೃಷ್ಟ", ಒಂದು ಕಡೆ ಬರೀ "ಥೂ". ನಾನು ಗೆದ್ದ ಕಡೆ "ಚೆನ್ನಾಗಿ ಆಡಿದೆ". ಅದರಲ್ಲಿ ಒಂದು ಆಟದಲ್ಲಿ ನಾನು ನೂರಕ್ಕೆ ಒಂಬತ್ತು ಸಲ ಮಾತ್ರ ಬರುವ ಎಲೆ ಬಂದು ಗೆದ್ದಿದ್ದೆ. ಅಲ್ಲೂ "ಚೆನ್ನಾಗಿ ಆಡಿದೆ". ಆಫೀಸಿನಲ್ಲಿ ಯಾವನಾದರೂ ಹೀಗೆ ಲೆಕ್ಕ ಬರೆದು ತಂದಿದ್ದರೆ ನಾನೇ ವಾಪಸ್ ಕಳಿಸುತ್ತಿದ್ದೆ.

ಇನ್ನೊಂದು ಮುಜುಗರ. ಬರೆದ ಆಟಗಳಲ್ಲಿ ಮುಕ್ಕಾಲು ಪಾಲು ನಾನು ನೋವಿನಿಂದ ಸೋತವು. ಪ್ಯಾಕ್ ಆಗಿ ಸುಮ್ಮನೆ ಹಪ್ಪಳ ತಿಂದ ನೂರಾರು ಆಟಗಳು ಒಂದೂ ಇಲ್ಲ. ಅವು ನೆನಪಲ್ಲೇ ಉಳಿದಿಲ್ಲವಲ್ಲ. ಇಂಥ ಪಟ್ಟಿಯಿಂದ ಸರಾಸರಿ ತೆಗೆದರೆ ನನ್ನಷ್ಟು ನತದೃಷ್ಟ ಇಡೀ ತೀರ್ಥಹಳ್ಳಿ ತಾಲೂಕಿನಲ್ಲೇ ಇಲ್ಲ ಎಂದು ಬರುತ್ತದೆ. ಬಂತು.

ಆದರೂ ಬಿಡಲಿಲ್ಲ. ಶೀಟಿನ ಮೇಲ್ಭಾಗದಲ್ಲಿ ಒಂದು ಸಣ್ಣ ಕೋಷ್ಟಕ ಮಾಡಿದೆ. ಪ್ರತಿಯೊಬ್ಬರ ಹೆಸರು, ಅವರ ಮುಂದೆ ಒಂದು ಹಳದಿ ಸೆಲ್. ಇವರು ಜೋರಾಗಿ ಹಾಕಿದಾಗ ಎಷ್ಟು ಸಲ ಕೈಯಲ್ಲಿ ಏನೂ ಇರುವುದಿಲ್ಲ? ಭಾವ: 0.30. ಅವನು ಬ್ಲಫ್ ಮಾಡುತ್ತಾನೆ, ಮಾಡುವಾಗ ಕಾಲು ಅಲ್ಲಾಡಿಸುತ್ತಾನೆ. ದೊಡ್ಡಪ್ಪನ ಮಗ: 0.40, ಅವನಿಗೆ ಸಹನೆ ಇಲ್ಲ. ಚಿಕ್ಕಪ್ಪ: 0.05. ಅಷ್ಟು ವಯಸ್ಸಾದವನು ಸುಮ್ನೆ ಯಾಕೆ ಹಾಕುತ್ತಾನೆ ಎಂದು. ಹಳದಿ ಅಂದರೆ ನಮ್ಮ ಆಫೀಸಿನ ರೂಢಿಯಲ್ಲಿ "ಇದು ಅಂದಾಜು, ದಾಖಲೆ ಇಲ್ಲ" ಎಂದರ್ಥ. ಶೀಟಿನಲ್ಲಿ ಎಂಟು ಸಾವಿರ ಸೂತ್ರ ಇರಬಹುದು. ಅವೆಲ್ಲ ಕೊನೆಗೆ ಹೋಗಿ ನೇತಾಡುವುದು ಈ ಮೂರು ನಾಲ್ಕು ಹಳದಿ ಅಂಕಿಗಳಿಗೆ.

ಕತ್ತಿ ಅದ್ದಿ ನೋಡುವುದು

ಶ್ರಾವಣದಲ್ಲಿ ಮತ್ತೆ ಊರಿಗೆ ಹೋದೆ. ಹಬ್ಬದ ನೆಪ, ಲ್ಯಾಪ್‌ಟಾಪ್ ಚೀಲದಲ್ಲಿತ್ತು. ಚಿಕ್ಕಪ್ಪ ಅಂಗಳದಲ್ಲಿ ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲ ಹೊಡೆಯುವ ಔಷಧಿ, ಬೋರ್ಡೋ ದ್ರಾವಣ ಕಲೆಸುತ್ತಿದ್ದ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಕೂಡಿಸಿದ ಮೇಲೆ ಅವನು ಕತ್ತಿಯ ತುದಿಯನ್ನು ಅದರಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು, ಎತ್ತಿ ನೋಡಿದ. ಕಬ್ಬಿಣದ ಮೇಲೆ ಕೆಂಪಗೆ ತಾಮ್ರ ಹಿಡಿದಿದ್ದರೆ ಸುಣ್ಣ ಸಾಲದು ಎಂದು. ಹಿಡಿದಿತ್ತು. ಇನ್ನೊಂದಿಷ್ಟು ಸುಣ್ಣದ ತಿಳಿ ಹೊಯ್ದ.

ಅಡಿಕೆ ಮರ ಹತ್ತುವ ಕೊನೆಗೌಡ ದಣಪೆಯ ಹತ್ತಿರ ಬೀಡಿ ಸೇದುತ್ತಾ ಕಾಯುತ್ತಿದ್ದ. ಮೋಡ ಇತ್ತು, ಮಳೆ ಇರಲಿಲ್ಲ. ಈ ಗಳಿಗೆ ಅಡಿಕೆ ಬೆಳೆಯುವವರಿಗೆಲ್ಲ ಗೊತ್ತು. ಹೊಡೆದ ಮೇಲೆ ಗೊನೆಗೆ ಹಿಡಿದು ಒಣಗುವಷ್ಟು ಬಿಡುವು ಸಿಕ್ಕರೆ ಸರಿ. ಹೊಡೆಯುತ್ತಿದ್ದ ಹಾಗೇ ಸುರಿದರೆ ಔಷಧಿಯೂ ಹೋಯಿತು, ಕೂಲಿಯೂ ಹೋಯಿತು. ಹೊಡೆಯದೇ ಕೂತು ಕೊಳೆ ಬಂದರೆ ವರ್ಷದ ಅನ್ನವೇ ನೆಲಕ್ಕೆ ಉದುರುತ್ತದೆ. ಚಿಕ್ಕಪ್ಪ ಪಡುವಣ ದಿಕ್ಕು ನೋಡಿದ. ಕೊನೆಗೌಡನ ಮುಖ ನೋಡಿದ. "ಹೂಂ, ಹತ್ತು" ಎಂದ.

ಅದೇ "ಹೂಂ". ನನಗೆ ಮೈ ಉರಿಯಿತು.

ಮಧ್ಯಾಹ್ನ ಊಟವಾದ ಮೇಲೆ, ಮಳೆ ಇನ್ನೂ ಬಂದಿರಲಿಲ್ಲ, ಶೀಟು ತೆರೆದು ತೋರಿಸಿದೆ. 610, 380, ಐದು ಬೀಜ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ತಾಳ್ಮೆಯಿಂದ ನೋಡಿದ. ಅವನಿಗೆ ಅರ್ಥವಾಗಲಿ ಎಂದು ನಾನು ಕೊಳೆರೋಗದ ಉದಾಹರಣೆಯನ್ನೇ ಕೊಟ್ಟೆ. ಆಚೆ ಕೇರಿಯವರೊಬ್ಬರು ಒಂದು ವರ್ಷ ಔಷಧಿಯನ್ನೇ ಹೊಡೆಯಲಿಲ್ಲ, ಆ ವರ್ಷ ಕೊಳೆಯೂ ಬರಲಿಲ್ಲ. ಊರೆಲ್ಲ ಅವರನ್ನು ಬುದ್ಧಿವಂತರು ಎಂದಿತು. ಆಗ ಚಿಕ್ಕಪ್ಪನೇ ಹೇಳಿದ್ದ, ಅವನು ಬುದ್ಧಿವಂತ ಅಲ್ಲ, ಅವನ ತೋಟಕ್ಕೆ ಕೊಳೆ ಬರಲಿಲ್ಲ ಅಷ್ಟೆ ಎಂದು. "ಹಾಗಾದರೆ ನೀನೂ ಅಷ್ಟೇ ಅಲ್ವಾ ಚಿಕ್ಕಪ್ಪ? ಆಟೀನು ಬಂತು ಅಷ್ಟೆ."

"ಹೌದು, ಅಷ್ಟೆ" ಎಂದ. ಎಷ್ಟು ಸುಲಭವಾಗಿ ಒಪ್ಪಿದ ಎಂದರೆ ನನ್ನ ಮುಂದಿನ ಮಾತೆಲ್ಲ ಗಂಟಲಲ್ಲೇ ಉಳಿಯಿತು. ಆಮೇಲೆ ಬೆರಳನ್ನು ತೆರೆಯ ಮೇಲೆ ಇಟ್ಟ. "ಇದರಲ್ಲಿ ನಿನ್ನ ಕೈಲಿ ಎರಡು ರಾಜ ಅಂತ ಬರೆದಿದ್ದೀಯ. ಅದು ನಿನಗೆ ಗೊತ್ತಿತ್ತು. ನನಗೆ ಹೆಂಗೆ ಗೊತ್ತಿರಬೇಕಿತ್ತು ಮಾಣಿ?"

"ಅದಕ್ಕೇ ಈ ಹಳದಿ..." ಎಂದು ಮೇಲಿನ ಕೋಷ್ಟಕ ತೋರಿಸಿದೆ.

ಅವನು ಹೆಸರುಗಳನ್ನು ಒಂದೊಂದಾಗಿ ಓದಿದ. "ನಿನ್ನ ಹೆಸರೆಲ್ಲಿ?"

ಇರಲಿಲ್ಲ. ಎಲ್ಲರಿಗೂ ಒಂದೊಂದು ಸಾಲು ಮಾಡಿದ್ದೆ. ನನಗೇ ಇಲ್ಲ. ನನ್ನ ಕೈಯಲ್ಲಿ ಏನಿದೆ ಎಂದು ನನಗೆ ಗೊತ್ತಿರುವಾಗ ಅಂದಾಜು ಯಾಕೆ ಬೇಕು ಎಂದುಕೊಂಡಿದ್ದಿರಬೇಕು. ಅಥವಾ ಹಾಗೆ ಯೋಚಿಸಿಯೂ ಇರಲಿಲ್ಲ.

ನನ್ನ ಸಾಲು

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಅದನ್ನು ಸೇರಿಸಿದೆ. ಮೊದಲು ಒಂದು ಸಣ್ಣ ಲೆಕ್ಕ. ಅದೇ ಮೂರು ಎಲೆ, ಚಿಕ್ಕಪ್ಪನದು ಅದೇ ಆಟೀನು ಗುಲಾಮ, ಎಂಟು. ನನ್ನ ಕೈಯಲ್ಲಿ ಎರಡು ರಾಜನ ಬದಲು ಕಳಾವರದ ಎಕ್ಕ, ಡೈಮಂಡಿನ ರಾಜ ಇದ್ದಿದ್ದರೆ? ನೋಡಲು ದೊಡ್ಡ ಎಲೆ, ಆದರೆ ಜೋಡಿ ಇಲ್ಲ, ಬರೀ ಗತ್ತು. ಆಗ ಚಿಕ್ಕಪ್ಪನಿಗೆ ಆಟೀನು ಬಂದರೂ ಆಯಿತು, ಗುಲಾಮ ಬಂದರೂ ಆಯಿತು, ಎಂಟು ಬಂದರೂ ಆಯಿತು. 990ರಲ್ಲಿ 549 ಅವನದು. ನೂರಕ್ಕೆ 55. ಏನೂ ಇಲ್ಲದ ಕೈ ಎಂದು ನಾನು ಬೈದಿದ್ದ ಕೈ, ನನ್ನ ಎಕ್ಕ ರಾಜನಿಗಿಂತ ಮುಂದಿತ್ತು.

ಈಗ ಎರಡನ್ನೂ ಬೆರೆಸಬೇಕು. ನಾನು ಹಾಗೆ ಎಲ್ಲ ಬೀಜ ತಳ್ಳಿದಾಗ ಎಷ್ಟು ಸಲ ನಿಜವಾಗಿ ಜೋಡಿ ಇರುತ್ತದೆ, ಎಷ್ಟು ಸಲ ಬರೀ ಗತ್ತು? ನನ್ನ ಹಳದಿ ಸೆಲ್‌ನಲ್ಲಿ ಸೊನ್ನೆ ಇಟ್ಟರೆ ಚಿಕ್ಕಪ್ಪನಿಗೆ ಐದು ಬೀಜ ನಷ್ಟ, ಅದು ಹಳೇ ಲೆಕ್ಕ. 0.05 ಇಟ್ಟೆ, ನಷ್ಟ ಅರ್ಧವಾಯಿತು. 0.10 ಇಟ್ಟೆ. ಕೆಂಪಗಿದ್ದ ಅಂಕಿ ಕಪ್ಪಾಯಿತು. ಕಾಲು ಬೀಜ ಲಾಭ. ಹತ್ತರಲ್ಲಿ ಒಂದೇ ಒಂದು ಸಲ ನಾನು ಗತ್ತಿನ ಮೇಲೆ ತಳ್ಳುವವನಾಗಿದ್ದರೂ ಸಾಕು, ಚಿಕ್ಕಪ್ಪನ "ಹೂಂ" ಸರಿ.

ಹಾಗಾದರೆ ನಾನು ಎಂಥವನು? ಕೆಳಗೆ ನನ್ನದೇ ಪಟ್ಟಿ ಇತ್ತು. ನಾನು ಎಲ್ಲವನ್ನೂ ತಳ್ಳಿದ ಆಟಗಳು 14. ಅದರಲ್ಲಿ ಕೈಯಲ್ಲಿ ಏನೂ ಇಲ್ಲದೇ ತಳ್ಳಿದ್ದು ನಾಲ್ಕು. ಟಿಪ್ಪಣಿ ಕಾಲಂನಲ್ಲಿ ನಾಲ್ಕಕ್ಕೂ "ಚೆನ್ನಾಗಿ ಆಡಿದೆ" ಎಂದು ಬರೆದಿದ್ದೆ. ಪಟ್ಟಿಯೇ ಸೊಟ್ಟ ಎಂದು ಆಗಲೇ ಹೇಳಿದೆನಲ್ಲ, ಆದರೆ ಈ ವಿಷಯದಲ್ಲಿ ನಾನು ಸುಳ್ಳು ಹೇಳಿಕೊಳ್ಳಲು ಕಾರಣ ಇರಲಿಲ್ಲ. ಹದಿನಾಲ್ಕರಲ್ಲಿ ನಾಲ್ಕು ಎಂದು ಹಾಕಿದರೆ ಚಿಕ್ಕಪ್ಪನಿಗೆ ಹತ್ತಿರ ಹತ್ತಿರ ಹತ್ತು ಬೀಜ ಲಾಭ. ಪೂರ್ತಿ ಒಂದು ಅಡಿಕೆ.

ಹಾಗೆಂದು ಬ್ಲಫ್ ಮಾಡುವುದೇ ತಪ್ಪು ಅಂತಲ್ಲ. 1944ರಲ್ಲೇ ಫಾನ್ ನಾಯ್ಮನ್ ಎಂಬ ಗಣಿತಜ್ಞ ಪೋಕರಿನ ಒಂದು ಸಣ್ಣ ಮಾದರಿ ಇಟ್ಟುಕೊಂಡು ತೋರಿಸಿದ್ದ, ಸರಿಯಾಗಿ ಆಡಬೇಕೆಂದರೆ ಆಗಾಗ ಕೆಟ್ಟ ಕೈಯಲ್ಲೂ ಜೋರಾಗಿ ಹಾಕಲೇಬೇಕು ಎಂದು. ಒಳ್ಳೆಯ ಕೈ ಬಂದಾಗ ಮಾತ್ರ ಹಾಕುವವನನ್ನು ಎರಡು ದಿನದಲ್ಲಿ ಎಲ್ಲರೂ ಓದಿಬಿಡುತ್ತಾರೆ. 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ಕು ಜನ ವೃತ್ತಿಪರ ಆಟಗಾರರನ್ನು 20 ದಿನ, 1,20,000 ಕೈ ಆಡಿ ಸೋಲಿಸಿತು. ಅದಕ್ಕೆ ಮುಖ ಇಲ್ಲ, ಕಾಲು ಅಲ್ಲಾಡಿಸುವುದಿಲ್ಲ, ಆದರೆ ಬ್ಲಫ್ ಮಾಡುತ್ತದೆ. ತಾನು ಯಾವ ಕೈಯಲ್ಲಿ ಎಷ್ಟು ಸಲ ಬ್ಲಫ್ ಮಾಡಬೇಕು ಎನ್ನುವುದನ್ನು ಅದು ಸ್ವಲ್ಪ ಆಟಕ್ಕೆ ಮೊದಲೇ, ಸ್ವಲ್ಪ ಆಟದ ಮಧ್ಯೆ ಲೆಕ್ಕ ಹಾಕುತ್ತದೆ. ಅಂದರೆ ಆ ಯಂತ್ರದ ಶೀಟಿನಲ್ಲಿ ಮೊದಲ ಸಾಲು ಅದರದ್ದೇ. ನನ್ನ ಶೀಟಿನಲ್ಲಿ ಕೊನೆಯದು, ಅದೂ ಬೇರೆಯವರು ಕೇಳಿದ ಮೇಲೆ.

ಚಿಕ್ಕಪ್ಪನಿಗೆ ನೂರಕ್ಕೆ 38.4 ಎಂದು ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ. ಮೂರರಲ್ಲಿ ಒಂದು ಸಲಕ್ಕಿಂತ ಜಾಸ್ತಿ ಬರುತ್ತದೆ ಎನ್ನುವ ಅಂದಾಜು ನಲವತ್ತು ವರ್ಷ ಎಲೆ ಹಿಡಿದ ಕೈಗೆ ತಾನಾಗಿ ಇರುತ್ತದೆ. ಹಾಸ್ಟೆಲ್ಲಿನಲ್ಲಿ ನಾವು ಬಳಸುತ್ತಿದ್ದ ಉಪಾಯವೂ ಅಂಥದ್ದೇ: ಬೇಕಾದ ಎಲೆಗಳನ್ನು ನಾಲ್ಕರಿಂದ ಗುಣಿಸು, ಒಂಬತ್ತು ನಾಲ್ಕಲೆ ಮೂವತ್ತಾರು, ಸರಿಸುಮಾರು ಸಾಕು. ಉಳಿದಿದ್ದು ನನ್ನ ಮುಖ. ನಾಲ್ಕನೇ ಕ್ಲಾಸಿನಲ್ಲಿ ಮಗ್ಗಿ ಬರದಿದ್ದರೂ "ಬರುತ್ತದೆ" ಎಂದು ಜೋರಾಗಿ ಹೇಳುತ್ತಿದ್ದ ಮುಖ ಅದು. ಹದಿನೇಳನೇ ವಯಸ್ಸಿಗೆ ಬೈಕ್ ಹೊಡೆಯಲು ಬರುತ್ತದೆ ಎಂದು ಹೇಳಿ ಹೊಳೆದಂಡೆಗೆ ಹೋಗಿ ಬಿದ್ದಾಗ ಎತ್ತಿಕೊಂಡು ಬಂದವನು ಚಿಕ್ಕಪ್ಪನೇ. ಅವನಿಗೆ ನನ್ನ ಸಾಲಿನ ಅಂಕಿ ಯಾವ ಶೀಟೂ ಇಲ್ಲದೆ ಗೊತ್ತಿತ್ತು.

ಇಷ್ಟೆಲ್ಲ ಬೀಜದ ಮೇಲೆ ನಡೆದ ಮಾತು. ದುಡ್ಡಿನ ಮೇಲಾಗಿದ್ದರೆ ಹೀಗೆ ಕೂತು ಬರೆಯುವ ಮನಸ್ಸಿರುತ್ತಿರಲಿಲ್ಲ. ಪರಿಚಯದ ಹುಡುಗನೊಬ್ಬ ಮೊಬೈಲಿನಲ್ಲಿ ರಮ್ಮಿ ಆಡಿ ಮನೆಯವರಿಗೆ ಹೇಳಲಾಗದಷ್ಟು ಸಾಲ ಮಾಡಿಕೊಂಡಿದ್ದ. ಅವನ ಹತ್ತಿರವೂ ಒಂದು ಶೀಟಿತ್ತು, ನನಗೆ ತೋರಿಸಿದ್ದ, ಸೂತ್ರವೆಲ್ಲ ಸರಿಯಿತ್ತು. 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ಸಂಸತ್ತಿನಲ್ಲಿ ಪಾಸಾಯಿತು. ಅವನ ಸಾಲ ಇನ್ನೂ ಇದೆ.

ಮಾರನೇ ದಿನ ಬೆಳಿಗ್ಗೆ ಕಾಫಿ ಹಿಡಿದು ಚಿಕ್ಕಪ್ಪನ ಹತ್ತಿರ ಹೋದೆ. ಹಿಂದಿನ ದಿನ ಸಂಜೆಯವರೆಗೂ ಮಳೆ ಬಂದಿರಲಿಲ್ಲ, ಔಷಧಿ ಚೆನ್ನಾಗಿ ಹಿಡಿದಿತ್ತು, ಅವನು ಖುಷಿಯಲ್ಲಿದ್ದ. "ನೀನು ಹಾಕಿದ್ದು ಸರಿ, ಹತ್ತು ಬೀಜ ಲಾಭ" ಎಂದೆ. "ಹೌದನಾ?" ಎಂದು ಕೇಳಿದ, ಅಂಥ ದೊಡ್ಡ ಆಸಕ್ತಿ ಏನೂ ಇರಲಿಲ್ಲ. ಆಮೇಲೆ ಏನೋ ನೆನಪಾದವನ ಹಾಗೆ ಕನ್ನಡಕ ಹುಡುಕಿದ.

"ನಿನ್ನೆ ಅದರಲ್ಲಿ ನನ್ನ ಹೆಸರಿನ ಮುಂದೂ ಏನೋ ಬರೆದಿದ್ದೆಯಲ್ಲ. ಎಷ್ಟು ಅದು?"

"ಸೊನ್ನೆ ಪಾಯಿಂಟ್ ಸೊನ್ನೆ ಐದು. ಅಂದರೆ ನೀನು ಜೋರಾಗಿ ಹಾಕಿದಾಗ ಇಪ್ಪತ್ತರಲ್ಲಿ ಒಂದು ಸಲ ಮಾತ್ರ ಕೈಯಲ್ಲಿ ಏನೂ ಇರುವುದಿಲ್ಲ ಅಂತ."

ಚಿಕ್ಕಪ್ಪ ಕಾಫಿ ಲೋಟ ಕೆಳಗಿಟ್ಟ. ಆ ಹಳದಿ ಸೆಲ್ ಅನ್ನು ಬಹಳ ಹೊತ್ತು ನೋಡಿದ. ಅವನ ಹೊಟ್ಟೆ ಮೆಲ್ಲಗೆ ಕುಲುಕತೊಡಗಿತು.

"ಇರಲಿ" ಎಂದ. "ಅದು ಹಾಗೇ ಇರಲಿ. ಅಳಿಸಬೇಡ."